ಮಣಿಪಾಲದ ಸಭೆಯಲ್ಲಿ ಸಿಗದ ಹತ್ತು ನಿಮಿಷ

ಕಾಪುವಿನ ಮನೆಯಲ್ಲಿ ಕುಳಿತು ಮದುವೆ ಹಾಲ್‌ಗಳ ಬುಕಿಂಗ್‌ಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಕಾಲದಲ್ಲಿ ನನಗೆ ಮಾತಾಡಲು ಜನವೇ ಇರಲಿಲ್ಲ. ಕೋಡ್ ಕೈಕೊಟ್ಟರೆ ಕೇಳುವುದಕ್ಕೂ ಯಾರಿಲ್ಲ, ಸರಿಯಾದರೆ ಹೇಳಿಕೊಳ್ಳುವುದಕ್ಕೂ ಯಾರಿಲ್ಲ. ಹಾಗಾಗಿ ನಮ್ಮ ಕಡೆ ಒಂಟಿಯಾಗಿ ಸಾಫ್ಟ್‌ವೇರ್ ಮಾಡುವವರಿಗಾಗಿ ಆನ್‌ಲೈನ್‌ನಲ್ಲಿ ಒಂದು ಗುಂಪು ಶುರುಮಾಡಿದೆ.

ಮೊದಲು ಬಂದವರು ಕಾರ್ಕಳದವರೊಬ್ಬರು. ಹೆಂಡತಿಯ ಟೈಲರಿಂಗ್ ಅಂಗಡಿಗೆಂದು ಗಿರಾಕಿಗಳ ಅಳತೆ ಉಳಿಸಿಡುವ ಆ್ಯಪ್ ಮಾಡಿದ್ದರು. ಯಾರು ಏನು ಕೇಳಿದರೂ ಕೂತು ಉತ್ತರ ಬರೆಯುತ್ತಿದ್ದರು. ಹೊಸಬರು ಗುಂಪಿನಲ್ಲಿ ಉಳಿದದ್ದು ನನ್ನಿಂದಲ್ಲ, ಅವರಿಂದ.

ಗುಂಪು ದೊಡ್ಡದಾದ ಮೇಲೆ ನಿರ್ವಹಣೆಗೆ ಮಣಿಪಾಲದ ಇಬ್ಬರನ್ನು ಸೇರಿಸಿಕೊಂಡೆ. ಎಲ್ಲರೂ ಒಮ್ಮೆ ಮುಖತಃ ಸೇರೋಣ ಎಂದು ಅವರೇ ಹಾಲ್ ಗೊತ್ತುಮಾಡಿದರು, ಹೂಡಿಕೆದಾರರೊಬ್ಬರನ್ನು ಅತಿಥಿಯಾಗಿ ಕರೆಸಿದರು. ನಾನು ಕೇಳಿದ್ದು ಒಂದೇ: ಕಾರ್ಕಳದವರು ತಮ್ಮ ಆ್ಯಪ್ ತೋರಿಸಲು ಹತ್ತು ನಿಮಿಷ. ಇಬ್ಬರೂ ಒಪ್ಪಿದರು.

ಸಭೆಯ ದಿನ ಕಾರ್ಕಳದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಹೆಂಡತಿ ಅಂಗಡಿ ಮುಚ್ಚಿ ಜೊತೆಗೆ ಬಂದಿದ್ದರು. ಅತಿಥಿಯ ಭಾಷಣ ಮುಗಿಯಲೇ ಇಲ್ಲ. ಸಣ್ಣ ಊರಿನ ಪ್ರತಿಭೆಗಳಿಗೆ ವೇದಿಕೆ ಸಿಗಬೇಕು ಎಂದು ಆತ ಮತ್ತೆ ಮತ್ತೆ ಹೇಳುತ್ತಿದ್ದರೆ, ಈ ಗಂಡ ಹೆಂಡತಿ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕಾಯುತ್ತಿದ್ದರು. ಚಪ್ಪಾಳೆ ನಿಂತದ್ದೇ ನಿರ್ವಾಹಕರಲ್ಲೊಬ್ಬ ಎಲ್ಲರನ್ನೂ ಊಟಕ್ಕೆ ಕರೆದ.

ನಾನು ಅವನನ್ನು ತಡೆದೆ. "ಅವರ ಡೆಮೊ?"

"ಟೈಮ್ ಎಲ್ಲಿ ಉಂಟು ಮೇಡಂ? ಅದು ಟೈಲರ್ ಆ್ಯಪ್ ಅಲ್ವಾ, ಗ್ರೂಪಲ್ಲಿ ಒಂದು ವೀಡಿಯೊ ಹಾಕ್ಲಿಕ್ಕೆ ಹೇಳಿ."

ಹೆಂಡತಿಗೆ ಅದು ಕೇಳಿಸಿತು. ತುಳುವಿನಲ್ಲಿ ಗಂಡನಿಗೆ ಹೊರಡೋಣ ಎಂದರು. ಊಟ ಮಾಡಿಕೊಂಡು ಹೋಗಿ ಎಂದು ನಾನು ಒತ್ತಾಯಿಸಿದೆ.

"ಬೇಡ ಅಕ್ಕ, ಮತ್ತೆ ಕಾರ್ಕಳದ ಬಸ್ ಸಿಗುದಿಲ್ಲ," ಎಂದರು ಗಂಡ. ಆ ದಾರಿಯಲ್ಲಿ ಬಸ್ಸಿಗೆ ಬರವಿಲ್ಲವೆಂದು ಅವರಿಗೂ ನನಗೂ ಗೊತ್ತಿತ್ತು.

ಸಂಜೆ ಗುಂಪಿನಲ್ಲಿ ಅತಿಥಿಯ ಜೊತೆಗಿನ ಫೋಟೊಗಳು ತುಂಬಿದವು. ನಾನು ನಡೆದದ್ದನ್ನು ಬರೆದೆ. "ಇಷ್ಟು ಸಣ್ಣ ವಿಷಯಕ್ಕೆ ಎಂತ ಮೇಡಂ, ಒಳ್ಳೆ ಪ್ರೋಗ್ರಾಮ್ ಹಾಳು ಮಾಡ್ತೀರಿ," ಎಂದು ಒಬ್ಬ ಉತ್ತರಿಸಿದ. ಅದನ್ನು ಮೆಚ್ಚಿದವರಲ್ಲಿ ಕಾರ್ಕಳದವರಿಂದ ಸಹಾಯ ಪಡೆದವರೇ ಹೆಚ್ಚು.

ಕಾರ್ಕಳದವರು ಗುಂಪು ಬಿಟ್ಟರು. ಸ್ವಲ್ಪ ದಿನ ಜಗಳವಾಡಿ ನಾನೂ ಬಿಟ್ಟೆ. ಗುಂಪಿಗೇನೂ ಆಗಲಿಲ್ಲ. ಈಗ ಅಲ್ಲಿ ಸಾಫ್ಟ್‌ವೇರ್ ಮಾಡುವವರಿಗಿಂತ, ಮಾಡುವುದು ಹೇಗೆಂದು ಉಪದೇಶ ಕೊಡುವವರೇ ಜಾಸ್ತಿಯಂತೆ.

ಈಚೆಗೆ ಕಾರ್ಕಳದವರಿಗೆ ಫೋನ್ ಮಾಡಿದ್ದೆ. ಮಳೆ, ಮಕ್ಕಳ ಶಾಲೆ ಎಲ್ಲ ಮಾತಾಡಿದರು. ಆ್ಯಪ್ ಎಲ್ಲಿಗೆ ಬಂತು ಎಂದು ನಾನೇ ಕೇಳಿದೆ.

"ಅದು ಈಗ ನಮ್ಮ ಅಂಗಡಿಗೆ ಮಾತ್ರ ಅಕ್ಕ. ಯಾರಿಗೂ ತೋರಿಸುದಿಲ್ಲ."

ನಾನು ಆಮೇಲೆ ಫೋನ್ ಮಾಡಲಿಲ್ಲ.