ಕೊಸರಿನ ಕೇಸು

ಕರಿ ಕೋಟು ತೊಟ್ಟು ನಾಲ್ಕು ತಿಂಗಳಾಗಿತ್ತು, ನನಗಿನ್ನೂ ಒಬ್ಬ ಕಕ್ಷಿದಾರನೂ ಸಿಕ್ಕಿರಲಿಲ್ಲ. ಗಣಿ ಜೋರಾಗಿದ್ದ ದಿನಗಳು ಅವು. ಸಂಡೂರಿನ ಗುಡ್ಡದಿಂದ ಇಳಿದ ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆ ತುಂಬ ಸಾಲುಗಟ್ಟಿ ನಿಲ್ಲುತ್ತಿದ್ದವು, ಅವುಗಳ ಬೆನ್ನಿಗೇ ಕೇಸುಗಳೂ ಸಾಲುಗಟ್ಟಿ ಬರುತ್ತಿದ್ದವು. ಎಲ್ಲ ವಕೀಲರಿಗೂ ಕೈತುಂಬ ಕೆಲಸ. ನಾನು ಮಾತ್ರ ನಮ್ಮ ಸೀನಿಯರ್ ಅವರ ಫೈಲು ಹೊತ್ತು ಅವರ ಹಿಂದೆ ಓಡಾಡುತ್ತ, ಮುಂದಿನ ತಾರೀಖು ಬರೆದುಕೊಳ್ಳುತ್ತ, ಸಂಜೆ ರೂಮಿಗೆ ಬಂದು ಕೋಟು ಕೊಡವುತ್ತ ಕಾಲ ಕಳೆಯುತ್ತಿದ್ದೆ. ಕೊಡವಿದಷ್ಟೂ ಕೆಂಪು ಧೂಳು ಬರುತ್ತಿತ್ತು.

ಕೆಲಸವಿಲ್ಲ ಅಂತ ಮಾತೇನೂ ಕಡಿಮೆಯಿರಲಿಲ್ಲ. ಕಂಪ್ಲಿ ಕಡೆಯ ಹಳ್ಳಿ ಮೆಟ್ರಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಊಟಕ್ಕೆ ಕೂತು ಕಾನೂನಿನ ಒಂದೊಂದು ಕಲಮು ವಿವರಿಸುತ್ತಿದ್ದೆ. ಅತ್ತೆ ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದಳು. ಹೈಸ್ಕೂಲು ಓದುವಾಗ ನಾನು ಅವಳ ಮನೆಯಲ್ಲೇ ಇದ್ದು ದಿನಾ ಬಸ್ಸಿನಲ್ಲಿ ಕಂಪ್ಲಿಗೆ ಹೋಗಿಬಂದವನು, ಹಾಗಾಗಿ ನನ್ನ ಮಾತಿನಲ್ಲಿ ಎಷ್ಟು ಕಾಳು ಎಷ್ಟು ಜೊಳ್ಳು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಮಾವ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಊರಿನ ಅಂಗನವಾಡಿಯಲ್ಲಿ ಅವಳು ಕಾರ್ಯಕರ್ತೆ. ಆ ಕೆಲಸದಿಂದಲೇ ಮನೆ ನಡೆಯುತ್ತಿತ್ತು, ಆ ಕೆಲಸದಿಂದಲೇ ಊರವರು ಅವಳನ್ನು 'ಟೀಚರಮ್ಮ' ಅನ್ನುತ್ತಿದ್ದರು. ನಿವೃತ್ತಿಗೆ ನಾಲ್ಕು ವರ್ಷ ಬಾಕಿಯಿತ್ತು.

ಅತ್ತೆಗೆ ಒಂದೇ ಒಂದು ಚಟ. ಕೊಸರು. ಅಂಗಡಿಯವನು ತೂಕ ಸರಿಯಾಗಿ ಹಾಕಿಕೊಟ್ಟ ಮೇಲೆ ತಕ್ಕಡಿಯ ಲೆಕ್ಕದ ಹೊರಗೆ ಪ್ರೀತಿಗೋ ಕಾಟ ತಾಳಲಾರದೆಯೋ ಹಾಕುತ್ತಾನಲ್ಲ ಒಂದು ಹಿಡಿ, ಅದು. ಪುಟಾಣಿ ಕಡಲೆ ತಗೊಂಡರೆ ಒಂದು ಹಿಡಿ ಪುಟಾಣಿ, ಬೆಲ್ಲ ತಗೊಂಡರೆ ಒಂದು ಚೂರು ಬೆಲ್ಲ. ಕಂಪ್ಲಿಯ ಕಿರಾಣಿ ಅಂಗಡಿಗಳವರು ಅತ್ತೆ ದೂರದಲ್ಲಿ ಬರುತ್ತಿರುವಾಗಲೇ ತೂಕದಲ್ಲಿ ಒಂದಿಷ್ಟು ಕಡಿಮೆ ಹಾಕಲು ತಯಾರಾಗುತ್ತಿದ್ದರು ಅಂತ ನನ್ನ ಗುಮಾನಿ. ಹಾಗೆ ಕಡಿಮೆ ಹಾಕಿದ್ದನ್ನೇ ಆಮೇಲೆ ಕೊಸರು ಅಂತ ಕೊಟ್ಟರೆ ಇಬ್ಬರಿಗೂ ಸಮಾಧಾನ. ಕೊಸರು ಕೊಡದ ಅಂಗಡಿಗೆ ಅವಳು ಎರಡನೇ ಸಲ ಕಾಲಿಡುತ್ತಿರಲಿಲ್ಲ.

ಇಂಥವಳು ಒಂದು ದಿನ ಇಲಾಖೆಯ ಮೀಟಿಂಗಿಗೆ ಅಂತ ಹೊಸಪೇಟೆಗೆ ಬಂದಳು. ಆಗಷ್ಟೇ ಊರಿನಲ್ಲಿ ಗಾಜಿನ ಬಾಗಿಲಿನ, ತಣ್ಣನೆ ಗಾಳಿಯ ದೊಡ್ಡ ಅಂಗಡಿಯೊಂದು ತೆರೆದಿತ್ತು. ಸಾಮಾನು ನಾವೇ ತಗೊಂಡು ಗಾಡಿಯಲ್ಲಿ ಹಾಕಿಕೊಂಡು ತಳ್ಳಬೇಕು. ಗಣಿ ಮಾಲಕರ ಮನೆಯವರು, ತೋರಣಗಲ್ಲಿನ ಕಾರ್ಖಾನೆಯ ಸಾಹೇಬರ ಹೆಂಡಂದಿರು ಅಲ್ಲಿಗೆ ಬರುತ್ತಿದ್ದರು. ಮೀಟಿಂಗು ಮುಗಿಸಿದ ಅತ್ತೆ, ಅದೇನು ನೋಡೇಬಿಡೋಣ ಅಂತ ಒಳಗೆ ಹೋಗಿದ್ದಾಳೆ.

ನಾನು ಕೋರ್ಟಿನ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದೆ. ಫೋನು ಬಂತು. ಯಾರದೋ ಗಡಸು ದನಿ, "ನಿಮ್ಮ ಕಡೆಯ ಹೆಂಗಸು ಒಬ್ಬರನ್ನ ಹಿಡಿದಿದೀವಿ, ಬನ್ನಿ" ಅಂದಿತು. ಹಿಂದಿನಿಂದ ಅತ್ತೆಯ ದನಿ ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. "ಕೊಸರು ತಗೊಂಡೀನಿ ಅಂದ್ರ ಕಳ್ಳಿ ಅಂತಾನಲೇ ಇವ! ಕೋಟು ಹಾಕ್ಕೊಂಡು ಜಲ್ದಿ ಬಾ!"

ಕೋಟು ಮೈಮೇಲೆಯೇ ಇತ್ತು. ಓಡಿದೆ. ನನಗೆ ನಾಚಿಕೆಯಾಗುವ ಸಂಗತಿಯೊಂದನ್ನು ಇಲ್ಲಿ ಹೇಳಿಬಿಡುತ್ತೇನೆ: ಓಡುವಾಗ ಅತ್ತೆಯ ಬಗ್ಗೆ ಹೆದರಿಕೆ ಎಷ್ಟಿತ್ತೋ, ಅಂತೂ ಒಂದು ಕೇಸು ಬಂತಲ್ಲ ಅನ್ನುವ ಖುಷಿಯೂ ಅಷ್ಟೇ ಇತ್ತು.

ಅಂಗಡಿಯ ಹಿಂದೆ ಒಂದು ಸಣ್ಣ ಆಫೀಸು. ಕುರ್ಚಿಯ ತುದಿಯಲ್ಲಿ ಅತ್ತೆ ಕೈಚೀಲ ತಬ್ಬಿಕೊಂಡು ಕೂತಿದ್ದಳು. ಮೇಜಿನ ಮೇಲೆ ಯಾಲಕ್ಕಿಯ ಒಂದು ಸಣ್ಣ ಪ್ಯಾಕೆಟ್ಟು. ಮೇಜಿನ ಆಚೆ ಪುಣೆ ಕಡೆಯಿಂದ ಬಂದಿದ್ದ ಮ್ಯಾನೇಜರು. ಅತ್ತೆ ಎಲ್ಲದಕ್ಕೂ ಬಿಲ್ಲು ಮಾಡಿಸಿ, ಇದೊಂದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳಂತೆ. ಬಾಗಿಲಲ್ಲಿ ಸೆಕ್ಯೂರಿಟಿಯವನು ಹಿಡಿದಿದ್ದ.

ನಾನು ಮೆಲ್ಲಗೆ ಕೇಳಿದೆ. "ಕೊಸರಿಗೆ ಯಾರಾದ್ರೂ ಯಾಲಕ್ಕಿ ತಗೊಂತಾರೇನತ್ತಿ?"

"ಮತ್ತ ಇಲ್ಲಿ ಎಲ್ಲಾ ಸೀಲು ಹಾಕಿ ಇಟ್ಟಾರ. ಒಂದ್ ಹಿಡಿ ತಗೊಂಬೇಕಂದ್ರ ಯಾವುದರಾಗ ಕೈ ಹಾಕ್ಲಿ? ಇದ್ದಿದ್ರಾಗ ಸಣ್ಣದು ಇದಾ ಇತ್ತು."

ಮ್ಯಾನೇಜರು ಒಂದು ಅಚ್ಚು ಹಾಕಿದ ಕಾಗದ ಮುಂದೆ ತಳ್ಳಿದರು. 'ನಾನು ಈ ಅಂಗಡಿಯಲ್ಲಿ ಕಳವು ಮಾಡಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳುತ್ತೇನೆ' ಅಂತ ಇತ್ತು. ಸಹಿ ಮಾಡಬೇಕು, ಒಂದು ಫೋಟೋ ತೆಗೆಸಿಕೊಳ್ಳಬೇಕು, ಹೋಗಬಹುದು. ಇಲ್ಲದಿದ್ದರೆ ಪೊಲೀಸರು ಬರುತ್ತಾರೆ. ನನಗೆ ಇದಕ್ಕಿಂತ ಸಲೀಸಾದ ದಾರಿ ಕಾಣಲಿಲ್ಲ. ಅತ್ತೆಯ ಕಿವಿಯಲ್ಲಿ ಇದ್ದ ಕಾನೂನೆಲ್ಲ ಸುರಿದೆ. ಅಂಗಡಿಯೊಳಗಿನ ಕಳವು ಅಂದರೆ ಮುನ್ನೂರ ಎಂಬತ್ತನೇ ಕಲಮು, ಏಳು ವರ್ಷದವರೆಗೆ ಸಜೆ, ಠಾಣೆಯಲ್ಲಿ ಜಾಮೀನೂ ಸಿಗುವುದಿಲ್ಲ. ಕೇಸು ದಾಖಲಾದರೆ ಇಲಾಖೆಗೆ ಗೊತ್ತಾಗುತ್ತದೆ, ಅಂಗನವಾಡಿಯಿಂದ ತೆಗೆದುಹಾಕುತ್ತಾರೆ. "ಸಹಿ ಮಾಡಿಬಿಡತ್ತಿ" ಅಂದೆ.

ಅತ್ತೆ ಕಾಗದ ನೋಡಿದಳು. "ಸಹಿ ಮಾಡಿದ ಮ್ಯಾಲೆ ಈ ಕಾಗದ ಎಲ್ಲಿರ್ತೈತಿ?"

"ಇವರ ಹತ್ರ."

"ನಾಳೆ ಇವರು ಅದನ್ನ ನಮ್ಮ ಇಲಾಖೆಗೆ ಕಳಿಸಿದ್ರ?"

ಐದು ವರ್ಷ ಕಾನೂನು ಓದಿದವನಿಗೆ ಹೊಳೆಯದ ಪ್ರಶ್ನೆ ಅದು. ತಪ್ಪೊಪ್ಪಿಗೆಗೆ ಸಹಿ ಹಾಕು ಅಂತ ಸ್ವಂತ ಕಕ್ಷಿದಾರಳಿಗೆ ಹೇಳಿದ ಮೊದಲ ವಕೀಲ ಬಹುಶಃ ನಾನೇ. ಅತ್ತೆ ಪೆನ್ನು ಪಕ್ಕಕ್ಕಿಟ್ಟಳು. "ಕಳವು ಅನ್ನೋದು ಹೊಡದು ಕೊಸರು ಅಂತ ಬರೀರಿ, ಸಹಿ ಮಾಡ್ತೀನಿ" ಅಂದಳು. ಮ್ಯಾನೇಜರಿಗೆ ಕೊಸರು ಅಂದರೇನು ಅಂತಲೇ ಗೊತ್ತಿರಲಿಲ್ಲ. ಅವರು ಪೊಲೀಸರಿಗೆ ಫೋನು ಮಾಡಿದರು.

ಬಂದವರು ಒಬ್ಬ ದಫೇದಾರರು. ವಯಸ್ಸಾದವರು, ಇದೇ ಕಡೆಯವರು. ಯಾಲಕ್ಕಿ ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ನನ್ನ ಕೋಟು ನೋಡಿ, ಕುಂದ್ರಿ ವಕೀಲ್ರ ಅಂದರು. ನಾನು ಕಲಮುಗಳನ್ನು ಹೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಏಳು ವರ್ಷ ಅಂತ ಹೇಳಿ ಅಮ್ಮಾರನ್ನ ಯಾಕ ಅಂಜಿಸ್ತೀರಿ? ಮೊದಲ್ನೇ ಸಲ, ಇಷ್ಟು ಸಣ್ಣ ಮಾಲು. ಜಡ್ಜ್ ಸಾಹೇಬ್ರು ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತಾರ, ಅದಕ್ಕಂತ ಬ್ಯಾರೆ ಕಾಯ್ದೆನಾ ಐತಿ. ಓದೀರಿಲ್ಲೋ?"

ಓದಿದ್ದೆ. ಆ ಹೊತ್ತಿಗೆ ಒಂದೂ ನೆನಪಿಗೆ ಬಂದಿರಲಿಲ್ಲ.

"ಆದ್ರ ಅಮ್ಮಾರ, ಅಲ್ಲಿ ತನಕ ಮುಟ್ಟೋದು ಭಾಳ ತ್ರಾಸು. ಠಾಣೆ, ಜಾಮೀನು, ತಾರೀಖು. ಸಜೆ ಆಗದಿದ್ರೂ ಕೆಲಸ ಹೋಗಿರ್ತೈತಿ" ಅಂದರು ದಫೇದಾರರು. ಅತ್ತೆಯ ಮುಖ ಆಗ ಮೊದಲ ಸಲ ಬಿಳಿಚಿಕೊಂಡಿತು. ನನ್ನ ಏಳು ವರ್ಷಕ್ಕೆ ಹೆದರದವಳು ಆ ಒಂದು ಮಾತಿಗೆ ಹೆದರಿದಳು.

ಮ್ಯಾನೇಜರು ಕ್ಯಾಮರಾದಲ್ಲಿ ಮೂಡಿದ್ದನ್ನು ಟೀವಿಯಲ್ಲಿ ಹಾಕಿ ತೋರಿಸಿದರು. ಬಿಲ್ಲು ಮುಗಿದಿದೆ. ಅತ್ತೆ ಪಕ್ಕದ ರ‍್ಯಾಕಿನಿಂದ ಪ್ಯಾಕೆಟ್ಟು ತಗೊಳ್ಳುತ್ತಾಳೆ. ಬಿಲ್ಲು ಮಾಡುವ ಹುಡುಗಿಯ ಕಡೆ ಬಗ್ಗಿ ಏನೋ ಹೇಳುತ್ತಾಳೆ. ಹುಡುಗಿ ತಲೆ ಎತ್ತಿ ಏನೋ ಅನ್ನುತ್ತಾಳೆ. ಪ್ಯಾಕೆಟ್ಟು ಚೀಲಕ್ಕೆ ಬೀಳುತ್ತದೆ. ಧ್ವನಿ ಮಾತ್ರ ಇಲ್ಲ.

ನನ್ನ ತಲೆಯಲ್ಲಿ ಆಗ ದೀಪ ಹತ್ತಿತು ನೋಡಿ. ಆ ಹುಡುಗಿಯನ್ನು ಕರೆಸಿ ಅಂದೆ. ಕೋಟಿನ ಗುಂಡಿ ಹಾಕಿಕೊಂಡೆ. ಬಂದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಚೋರನೂರಿನವಳು, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಾಳಂತೆ. "ಈ ಅಮ್ಮ ನಿಮಗೆ ಏನು ಹೇಳಿದರು?" ಅಂತ ಗಂಭೀರವಾಗಿ ಕೇಳಿದೆ. ಅವಳು ಅತ್ತೆಯನ್ನು ಒಂದು ಗಳಿಗೆ ನೋಡಿದಳು.

"ಕೊಸರು ತಗೊಂತೀನವ್ವಾ ಅಂದ್ರುರಿ. ನಾ ಹೂಂ ಅಂದ್ನಿರಿ."

ನಾನು ಮೇಜು ಗುದ್ದಿದೆ. ಹಗುರವಾಗಿಯೇ, ಆದರೂ ಗುದ್ದಿದೆ. ಕಳವು ಅನ್ನಬೇಕಾದರೆ ಮೋಸದ ಉದ್ದೇಶ ಇರಬೇಕು, ಕೇಳಿ ಹೂಂ ಅನ್ನಿಸಿಕೊಂಡು ತಗೊಂಡದ್ದು ಕಳವಾಗುವುದು ಹೇಗೆ ಅಂತ ಐದು ನಿಮಿಷ ಮಾತಾಡಿದೆ. ಅಷ್ಟು ಬೇಕಿರಲಿಲ್ಲ. ದಫೇದಾರರು ಆಗಲೇ ಟೋಪಿ ಕೈಗೆತ್ತಿಕೊಂಡಿದ್ದರು.

"ನೋಡ್ರಿ ಮ್ಯಾನೇಜರ, ಗುಡ್ಡದಾಗ ಪರ್ಮಿಟ್ಟು ಒಂದು ತೂಕಕ್ಕ ಇರ್ತೈತಿ, ಲಾರ‍್ಯಾಗ ಇಳಿಯೋದು ಮತ್ತೊಂದು ತೂಕ. ಆ ಕೊಸರು ಹಿಡಿಯಾಕ ನಮಗ ಪುರುಸೊತ್ತಿಲ್ಲ. ಈ ಯಾಲಕ್ಕಿ ಕೊಸರಿಗೆ ಎಫ್‌ಐಆರ್ ಬರದ್ರ ಠಾಣ್ಯಾಗ ನಗ್ತಾರ." ಅಂದು ನನ್ನ ಬೆನ್ನು ತಟ್ಟಿ ಹೋದರು. ಮ್ಯಾನೇಜರು ಕಾಗದ ಒಳಗಿಟ್ಟರು. ಆ ಸಿಟ್ಟನ್ನು ಬಿಲ್ಲಿನ ಹುಡುಗಿಯ ಮೇಲೆ ತೀರಿಸಿಕೊಳ್ಳುತ್ತ, ಕೇಳಿದವರಿಗೆಲ್ಲ ಹೂಂ ಅನ್ನುವವರು ಇಲ್ಲಿ ಬೇಡ, ನಾಳೆಯಿಂದ ಬರಬೇಡ ಅಂದರು. ನಾನೂ ಅದನ್ನು ಕೇಳಿಸಿಕೊಂಡೆ. ಗೆದ್ದ ಗುಂಗಿನಲ್ಲಿ ಅದು ನನಗೆ ತಾಗಲೇ ಇಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ನಿಂತಿತ್ತು, ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿದೆ. ನಾನೂ ಪಕ್ಕದಲ್ಲಿ ಕೂತು ನನ್ನ ವಾದವನ್ನು ಮೊದಲಿನಿಂದ ಇನ್ನೊಮ್ಮೆ ಒಪ್ಪಿಸಿದೆ. ಈ ಸಲದ ವರದಿಯಲ್ಲಿ ಮೇಜು ಗುದ್ದಿದ ಸದ್ದು ಸ್ವಲ್ಪ ಜೋರಾಗಿತ್ತು. ಅತ್ತೆ ಹೂಂಗುಟ್ಟಲಿಲ್ಲ.

"ನಾ ಆ ಹುಡುಗಿಗೆ ಕೊಸರು ಅಂತ ಅಂದಾ ಇಲ್ಲಲೇ" ಅಂದಳು.

"ಮತ್ತ ಏನಂದಿ?"

"ಬಾಗ್ಲಾ ಯಾ ಕಡಿಗೈತವ್ವಾ ಅಂತ ಕೇಳಿದೆ."

ಅತ್ತೆ ಸೀರೆಯ ಸೆರಗು ಹಿಂಡುತ್ತ ಹೇಳಿದಳು. "ಯಾಲಕ್ಕಿ ಕಣ್ಣಿಗೆ ಬಿತ್ತು. ಇಷ್ಟೊಂದು ಇಟ್ಟಾರ, ಕೇಳೋರಾ ಯಾರೂ ಇಲ್ಲ ಅನಿಸ್ತು, ಕೈ ಹೋತು. ಬಾಗಿಲಾಗ ಆ ಗಾರ್ಡ್ ಕೈ ಹಿಡದಾಗ ಕೊಸರು ಅನ್ನೋ ಮಾತು ಬಾಯಿಗೆ ಬಂತು. ಅಂಗಡಿ ತುಂಬ ಕೇಳೋ ಹಂಗ ಒದರಿದೆ. ಆಕಿ ಅಲ್ಲೇ ಕೇಳಿಸ್ಕೊಂಡು ನನಗಂತ ಸುಳ್ಳು ಹೇಳಿದ್ಲು. ಈಗ ಆಕಿ ಕೆಲಸ ಹೋತು."

ಅವಳ ಕಣ್ಣಲ್ಲಿ ನೀರು ನೋಡಿದ್ದು ಮಾವ ಹೋದ ಮೇಲೆ ಅದೇ ಮೊದಲು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಕಲಮು, ಜಾಮೀನು, ಉದ್ದೇಶ ಎಲ್ಲ ಮಾತಾಡಿದೆ, ಕದ್ದೆಯಾ ಅಂತ ಮಾತ್ರ ಅವಳನ್ನು ಕೇಳಿರಲಿಲ್ಲ.

ಅತ್ತೆ ಎದ್ದು ನಿಂತಳು. ನಾನು ಅಡ್ಡ ನಿಂತೆ. ಈಗ ಹೋಗಿ ನಿಜ ಹೇಳಿದರೆ ಅವರು ಮತ್ತೆ ಪೊಲೀಸರನ್ನು ಕರೆಯಬಹುದು, ಗೆದ್ದ ಕೇಸು ಹಾಳಾಗುತ್ತದೆ, ಉಳಿದ ನಾಲ್ಕು ವರ್ಷದ ನೌಕರಿ ಹೋಗುತ್ತದೆ ಅಂತ ಬೇಡಿಕೊಂಡೆ.

"ನನ್ನ ಕೆಲಸ ಉಳೀಲಿ ಅಂತ ಆ ಕೂಸಿನ ಕೆಲಸ ತಗೀಬೇಕೇನು? ಸರಿ ಅತ್ಲಾಗ" ಅಂದಳು. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ನಾವಿಬ್ಬರೂ ಕೆಳಗಿದ್ದೆವು.

ಮ್ಯಾನೇಜರು ನಮ್ಮನ್ನು ನೋಡಿ, ಇನ್ನೇನು ಗ್ರಹಚಾರ ಅನ್ನುವ ಮುಖ ಮಾಡಿದರು. ಅತ್ತೆ ನಿಂತುಕೊಂಡೇ ಎಲ್ಲ ಹೇಳಿದಳು. ಹುಡುಗಿ ಹೂಂ ಅಂದದ್ದು ಸುಳ್ಳು, ಬಾಗಿಲು ತೋರಿಸಿದ್ದಷ್ಟೇ ನಿಜ, ಅವಳ ತಪ್ಪೇನೂ ಇಲ್ಲ, ಆ ಕಾಗದ ಕೊಡ್ರಿ ಅಂದಳು. ಮ್ಯಾನೇಜರು ಈ ಸಲ ಪೊಲೀಸರಿಗೆ ಫೋನು ಮಾಡಲಿಲ್ಲ, ಒಳಗಿಟ್ಟಿದ್ದ ಕಾಗದ ತೆಗೆದರು. ಕಳವು ಅನ್ನುವ ಮಾತನ್ನು ಅತ್ತೆ ಹೊಡೆಸಲಿಲ್ಲ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಮಾಡುವ ಹಾಗೆ, ಸಹಿ ಮಾಡಿದಳು. ಸಾಕ್ಷಿ ಅಂತ ಇನ್ನೊಂದು ಜಾಗವಿತ್ತು. ಅಲ್ಲಿ ನಾನು ಸಹಿ ಹಾಕಿ, ಕೆಳಗೆ 'ವಕೀಲರು, ಹೊಸಪೇಟೆ' ಅಂತ ಬರೆದೆ. ವಕೀಲ ಅಂತ ನಾನು ಮಾಡಿದ ಮೊದಲ ಸಹಿ ಅದು.

ಫೋಟೋಕ್ಕೆ ಅತ್ತೆ ಗೋಡೆಗೆ ನೆಟ್ಟಗೆ ನಿಂತಳು. ಹುಡುಗಿಯನ್ನು ಮತ್ತೆ ಬಿಲ್ಲಿಗೆ ಕೂರಿಸಿದರು. ನಾವು ಹೊರಗೆ ಬರುವಾಗ ಅವಳು "ಯಾಕ ಬಂದ್ರಿ ಅಮ್ಮ, ನಾ ಬ್ಯಾರೆ ಕಡಿ ನೋಡ್ಕೊಂತಿದ್ದೆ" ಅಂತ ಗದರಿಸಿದಳು. ಅತ್ತೆ ಅವಳ ಗಲ್ಲ ಮುಟ್ಟಿದಳು.

ಕೋರ್ಟಿಲ್ಲ, ಜಾಮೀನಿಲ್ಲ, ಎಚ್ಚರಿಕೆ ಕೊಡಲು ಜಡ್ಜೂ ಇಲ್ಲ. ಆ ಕಾಗದ ಇಲಾಖೆಗೆ ಹೋಗಲಿಲ್ಲ. ಆದರೆ ಹೋಗಲಿಲ್ಲ ಅಂತ ನಮಗೆ ಖಾತ್ರಿಯಾದದ್ದು ನಾಲ್ಕು ವರ್ಷದ ಮೇಲೆ, ಶಾಲು ಹೊದಿಸಿ ಅವಳನ್ನು ನಿವೃತ್ತಿ ಮಾಡಿದ ದಿನ. ಅಲ್ಲಿಯವರೆಗೆ ಇಲಾಖೆಯ ಜೀಪು ಮೆಟ್ರಿಗೆ ಬಂದಾಗಲೆಲ್ಲ ಅತ್ತೆ ಮಕ್ಕಳನ್ನು ಆಯಾಳ ಕೈಗೆ ಒಪ್ಪಿಸಿ, ಅಂಗನವಾಡಿಯ ಬೀಗದ ಕೈ ಅಂಗೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ.