ಕಾರಿಡಾರಿನಲ್ಲಿ ಕೂಗಿ ಕೇಳಿದ ಪ್ರಶ್ನೆ

ಎಕ್ಸ್-ರೇ ತೆಗೆಯುವ ಆ ಮನುಷ್ಯ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡುತ್ತಿದ್ದ. ಹೊಟ್ಟೆಯೊಳಗಿನ ಕೂಸಿಗೆ ಆ ಕಿರಣ ಒಳ್ಳೆಯದಲ್ಲ, ಹೆಂಗಸರನ್ನು ಮೊದಲೇ ಕೇಳಬೇಕು. ಅವನೂ ಕೇಳುತ್ತಿದ್ದನಪ್ಪ! ಕಾರಿಡಾರಿನಲ್ಲಿ ನಿಂತು, "ಯಾರಾದ್ರೂ ಬಸುರಿ ಇದೀರಾ?" ಎಂದು ಇಡೀ ಸಾಲಿಗೆ ಒಂದೇ ಸಲ ಕೂಗಿ, ಎಲ್ಲರ ಚೀಟಿಯ ಮೇಲೂ 'ಇಲ್ಲ' ಎಂದು ಗೀಚುತ್ತಿದ್ದ. ಇಪ್ಪತ್ತು ವರ್ಷದಿಂದ ಇದೇ ಪಾಠ.

ಅವತ್ತು ಸೊಂಟನೋವೆಂದು ಅವನ ಮಗಳೇ ಬಂದಳು, ಜೊತೆಗೆ ಅವಳ ಅತ್ತೆ. ಅವನು ಎಂದಿನಂತೆ ಕೂಗಿದ. ಮಗಳು ತಲೆ ತಗ್ಗಿಸಿದಳು.

"ಆರು ವರ್ಷದಿಂದ ಇಲ್ಲದ್ದು ಇವತ್ತೆಲ್ಲಿಂದ ಬರುತ್ತೆ, ಬೀಗ್ರೇ?" ಎಂದಳು ಅತ್ತೆ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು 'ಇಲ್ಲ' ಎಂದು ಬರೆದ.

ಒಳಗೆ ಮಗಳನ್ನು ಮೇಜಿನ ಮೇಲೆ ಮಲಗಿಸಿ ಗುಂಡಿಯ ಬಳಿ ಹೋದ, ತಿರುಗಿ ಬಂದ, ಮತ್ತೆ ಹೋದ. ಆ ತಗ್ಗಿದ ತಲೆ ಕಣ್ಣಿಗೆ ಕಟ್ಟಿತ್ತು. ಜೀವ ತಡೆಯದೆ ಬಾಗಿಲು ಮುಚ್ಚಿ ಬಂದ.

"ಮಗಳೇ, ಏನಾದ್ರೂ ಇದೆಯಾ?"

"ಹತ್ತು ದಿನ ಮುಂದೆ ಹೋಗಿದೆ, ಅಪ್ಪಾ. ಖಾತ್ರಿ ಇಲ್ಲ. ಅತ್ತೆ ಎದುರಿಗೆ ಹೇಗೆ ಹೇಳ್ಲಿ? ಒಳಗೆ ಬಂದ್ಮೇಲೆ ನೀನೇ ಕೇಳ್ತೀಯ ಅಂತ ಕಾಯ್ತಿದ್ದೆ."

ಅವಳನ್ನು ಎಬ್ಬಿಸಿ, ಮೊದಲು ಪರೀಕ್ಷೆ ಮಾಡಿಸಲೆಂದು ಡಾಕ್ಟರ ಬಳಿ ಕಳಿಸಿದ. ಆಮೇಲೆ ಬೆಳಗಿನಿಂದ ಸೇರಿದ್ದ ಚೀಟಿಗಳನ್ನು ಒಂದೊಂದಾಗಿ ತಿರುವಿದ. ಎಲ್ಲದರಲ್ಲೂ 'ಇಲ್ಲ', ಎಲ್ಲವೂ ಅವನದೇ ಅಕ್ಷರ. ಅದರಲ್ಲಿ ಒಂದು 'ಇಲ್ಲ'ವನ್ನೂ ಯಾವ ಹೆಂಗಸೂ ಬಾಯಿಬಿಟ್ಟು ಹೇಳಿರಲಿಲ್ಲ.