ಇಂಜಿನ್ ಸಲುವಾಗಿ

ವಾಸಿಲ್ ಬಾಬಿಯಾಕ್ ಬಾಯಿಬಿಟ್ಟು ಒಂದು ಅಕ್ಕರೆಯ ಮಾತಾಡಿದ್ದನ್ನು ಅವನ ಹೆಂಡತಿ ಪರಾಸ್ಕ ಮದುವೆಯಾದಂದಿನಿಂದ ಕೇಳಿದವಳಲ್ಲ. ಕೆನಡಾದ ಮನಿಟೋಬಾ ಪ್ರಾಂತ್ಯದ ಆ ಊರಿನಲ್ಲಿ ಉಕ್ರೇನಿನಿಂದ ಬಂದು ನೆಲೆಸಿದವರ ಮನೆಗಳೇ ಹೆಚ್ಚು. ಅಲ್ಲಿನ ಗಂಡಸರು ಯಾರೂ ಮಾತಿನ ಮಲ್ಲರಲ್ಲ, ಅವರೊಳಗೂ ವಾಸಿಲ್ ಒಂದು ಕೈ ಮುಂದೆ. ಬೇಸಿಗೆಯಲ್ಲಿ ಮಣ್ಣುರಸ್ತೆಗಳನ್ನು ಮಟ್ಟ ಮಾಡುವುದು, ಚಳಿಗಾಲದಲ್ಲಿ ಅದೇ ರಸ್ತೆಗಳ ಹಿಮ ತಳ್ಳುವುದು ಅವನ ಕೆಲಸ. ದಿನವಿಡೀ ಗ್ರೇಡರ್ ಗಾಡಿಯಲ್ಲಿ ಒಬ್ಬನೇ ಕೂತು ಕೂತು ಮಾತೇ ಮರೆತುಹೋಗಿದೆ ಎಂದು ಪರಾಸ್ಕ ನೆಂಟರ ಮುಂದೆ ಹೇಳಿ ನಗುತ್ತಿದ್ದಳು.

ಮಗಳು ಲೆಸ್ಯಾ ಡಾಫಿನ್ ಪೇಟೆಯ ಬೇಕರಿಯಲ್ಲಿ ಕೆಲಸಕ್ಕೆ ಸೇರಿ ಹಳೇ ಕಾರೊಂದನ್ನು ಕೊಂಡಳು. ಅಂದಿನಿಂದ ಚಳಿಗಾಲದ ಬೆಳಗು ಅಂದರೆ ವಾಸಿಲ್‌ಗೆ ಇನ್ನೊಂದು ಕೆಲಸ ಸೇರಿಕೊಂಡಿತು. ಅವಳು ಕಾಫಿ ಕುಡಿಯುವ ಹೊತ್ತಿಗೆ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನೆಲ್ಲ ಕೆರೆದು, ಇಂಜಿನ್ ಚಾಲೂ ಮಾಡಿ, ಒಳಗೆ ಬೆಚ್ಚಗಾಗುವ ತನಕ ಕಾದು ಕೀಲಿಯನ್ನು ಹಾಗೇ ಬಿಟ್ಟು ಬರುತ್ತಿದ್ದ.

"ಥ್ಯಾಂಕ್ಸ್ ಅಪ್ಪ," ಅಂತ ಅವಳು ಅಂದರೆ, "ತಣ್ಣಗಿರೋ ಇಂಜಿನ್ನ ಹಂಗೇ ಓಡಿಸಿದ್ರೆ ಹಾಳಾಗುತ್ತೆ. ಅದಕ್ಕೇ," ಅನ್ನುತ್ತಿದ್ದ.

"ನೋಡಿದ್ಯಾ? ನಿಮ್ಮಪ್ಪಂಗೆ ಇಂಜಿನ್ ಅಂದ್ರೆ ಪ್ರಾಣ. ನಾವಿಬ್ರೂ ಪುಕ್ಕಟೆ ಸವಾರಿ ಮಾಡೋರು," ಅಂತ ಪರಾಸ್ಕ ಒಲೆಯ ಕಡೆಯಿಂದಲೇ ಕುಟುಕುವಳು. ವಾಸಿಲ್ "ಹೂಂ" ಅಂದು ಬೂಟು ಹಾಕಿಕೊಳ್ಳುವನು.

ಮೊದಲ ಹಿಮ ಬಿದ್ದ ದಿನ ಅವನು ಲೆಸ್ಯಾಳ ಕಾರಿನಲ್ಲಿ ಒಂದು ಕಂಬಳಿ, ತಗಡಿನ ಒಂದು ಕಾಫಿ ಡಬ್ಬಿ ಇಡುತ್ತಿದ್ದ. ಡಬ್ಬಿಯೊಳಗೆ ದಪ್ಪನೆಯ ಮೇಣದಬತ್ತಿ, ಬೆಂಕಿಪೆಟ್ಟಿಗೆ, ಒಂದು ಚಾಕೊಲೇಟು. ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿಬಿದ್ದರೆ ಡಬ್ಬಿಯೊಳಗೆ ಬತ್ತಿ ಹಚ್ಚಿಕೊಂಡು, ಕಿಟಕಿ ಒಂದೆಳೆ ತೆರೆದು ಕೂತರೆ ಜೀವ ಉಳಿಯುತ್ತದೆ. ಎಲ್ಲರೂ ಅದನ್ನು ಡಿಕ್ಕಿಯಲ್ಲಿಡುತ್ತಾರೆ. ಹಿಮದಲ್ಲಿ ಹೂತ ಕಾರಿನ ಡಿಕ್ಕಿ ತೆಗೆಯುವುದು ಹೇಗೆ ಎಂದು ವಾಸಿಲ್ ಹಿಂದಿನ ಸೀಟಿನ ಮೇಲೇ ಇಡುತ್ತಿದ್ದ. ಅಲ್ಲಿದ್ದ ಚಾಕೊಲೇಟು ಉಳಿಯುವುದುಂಟೇ? ಕ್ರಿಸ್‌ಮಸ್ಸಿಗೆ ಮುಂಚೆಯೇ ಖಾಲಿ. ಅವನು ತುಟಿಪಿಟಕ್ಕೆನ್ನದೆ ಇನ್ನೊಂದನ್ನು ತಂದಿಡುತ್ತಿದ್ದ.

"ಅಪ್ಪ, ಕಾರಲ್ಲಿ ಇಲಿ ಸೇರ್ಕೊಂಡಿದೆ," ಅಂದಳು ಲೆಸ್ಯಾ ಒಮ್ಮೆ.

"ಗೊತ್ತು. ಅದಕ್ಕೆ ಬಾದಾಮಿ ಇರೋ ಚಾಕೊಲೇಟೇ ಆಗ್ಬೇಕು."

ಆ ಫೆಬ್ರವರಿಯಲ್ಲಿ ಒಂದು ದಿನ, ಸಂಜೆಗೆ ಬರುತ್ತದೆ ಎಂದು ರೇಡಿಯೋದವರು ಹೇಳಿದ್ದ ಹಿಮಗಾಳಿ ಮಧ್ಯಾಹ್ನಕ್ಕೇ ಬಂದುಬಿಟ್ಟಿತು. ಆಕಾಶ ಎಲ್ಲಿ, ನೆಲ ಎಲ್ಲಿ ತಿಳಿಯದಂತೆ ಬೆಳ್ಳಗಾಯಿತು. ಗ್ರೇಡರುಗಳನ್ನೆಲ್ಲ ವಾಪಸು ತಂದು ನಿಲ್ಲಿಸಿ, ಗಾಳಿ ನಿಲ್ಲುವ ತನಕ ಯಾರೂ ಹೊರಡಬಾರದು ಎಂದು ಮೇಸ್ತ್ರಿ ಹುಕುಂ ಮಾಡಿದ. ವಾಸಿಲ್ ಬೇಲಿ ಹಿಡಿದು ತಡವರಿಸಿಕೊಂಡು ಮನೆ ಸೇರಿದಾಗ ಪರಾಸ್ಕ ಫೋನಿನ ಪಕ್ಕ ನಿಂತಿದ್ದಳು.

"ಬೇಕರಿ ಬೇಗ ಮುಚ್ಚಿದ್ರಂತೆ. ಅವಳು ಹೊರಟು ಎಷ್ಟೋ ಹೊತ್ತಾಯ್ತಂತೆ. ಅಷ್ಟರಲ್ಲಿ ಲೈನು ಸತ್ತೋಯ್ತು," ಅಂದಳು.

ವಾಸಿಲ್ ಬಿಚ್ಚಿದ ಕೋಟನ್ನು ಮತ್ತೆ ತೊಟ್ಟ.

"ಎಲ್ಲಿಗೆ?"

"ಗ್ರೇಡರ್ ತಗೊಂಡು ಹೋಗ್ತೀನಿ."

"ಕಣ್ಣು ಕಾಣುತ್ತಾ ನಿಂಗೆ? ಅವಳ ಕಾರು ರಸ್ತೇಲೇ ನಿಂತಿದ್ರೆ? ಕಾಣದೆ ಅದರ ಮೇಲೇ ಹತ್ತಿಸಿದ್ರೆ?"

ಆ ಮಾತಿಗೆ ಅವನ ಕಾಲು ಕಟ್ಟಿಹಾಕಿದಂತಾಯಿತು. ಬಂದು ಕುರ್ಚಿಯಲ್ಲಿ ಕೂತ. ಸುಮ್ಮನೆ ಕೂರಲಾರದೆ ಬುಟ್ಟಿಯಲ್ಲಿದ್ದ ಆಲೂಗಡ್ಡೆ ತೆಗೆದು ಸಿಪ್ಪೆ ಸುಲಿಯತೊಡಗಿದ. ಪರಾಸ್ಕಳೂ ಎದುರಿಗೆ ಕೂತು ಸುಲಿದಳು. ಬುಟ್ಟಿ ಬರಿದಾದಾಗ ನೋಡಿದರೆ, ಇಡೀ ಬೀದಿಗೆ ಬಡಿಸುವಷ್ಟು ಆಲೂಗಡ್ಡೆ ಬೋಗುಣಿಯಲ್ಲಿ ಬಿದ್ದಿತ್ತು.

ಇನ್ನೂ ಬೆಳಕಿರುವಾಗಲೇ ಗಾಳಿ ಇಳಿಯಿತು. ಬೀದಿಯಾಚೆಯ ಧಾನ್ಯದ ಗೋದಾಮು ಮಸುಕಾಗಿ ಕಂಡದ್ದೇ ತಡ, ವಾಸಿಲ್ ಎದ್ದು ಓಡಿದ.

ಡಾಫಿನ್ ರಸ್ತೆಯಲ್ಲಿ ಹಿಮ ಸೊಂಟದುದ್ದ ಬಿದ್ದಿತ್ತು. ಅಷ್ಟು ನಿಧಾನವಾಗಿ ಅವನು ಎಂದೂ ಗ್ರೇಡರ್ ಓಡಿಸಿರಲಿಲ್ಲ. ರಸ್ತೆಯ ಮೇಲಿನ ಪ್ರತಿಯೊಂದು ದಿಬ್ಬದ ಹತ್ತಿರವೂ ನಿಲ್ಲಿಸಿ, ಇಳಿದು, ಸನಿಕೆಯಿಂದ ಚುಚ್ಚಿ ನೋಡಿ ಮುಂದೆ ಹೋದ. ಚರ್ಚಿನ ತಿರುವು ದಾಟಿದ ಮೇಲೆ ರಸ್ತೆ ಪಕ್ಕದ ತಗ್ಗಿನಲ್ಲಿ ನೀಲಿ ಬಣ್ಣ ಇಣುಕಿತು. ಲೆಸ್ಯಾಳ ಕಾರು. ಮೂತಿ ಕೆಳಗಾಗಿ ಅರ್ಧ ಹೂತುಹೋಗಿತ್ತು.

ಸನಿಕೆ ಎಸೆದು ಕೈಯಿಂದಲೇ ಹಿಮ ಬಗೆದ. ಬಾಗಿಲು ಎಳೆದ. ಒಳಗೆ ಡಬ್ಬಿ ಇತ್ತು, ಅರ್ಧ ಉರಿದ ಬತ್ತಿ ಇತ್ತು, ಚಾಕೊಲೇಟಿನ ಕಾಗದ ಇತ್ತು. ಲೆಸ್ಯಾ ಇರಲಿಲ್ಲ.

"ಲೆಸ್ಯಾ!"

ಸುತ್ತ ಒಂದು ಹೆಜ್ಜೆ ಗುರುತಿಲ್ಲ, ಇದ್ದದ್ದನ್ನೆಲ್ಲ ಗಾಳಿ ಅಳಿಸಿತ್ತು. ಇಂಥ ಹಿಮಗಾಳಿಯಲ್ಲಿ ಕಾರು ಬಿಟ್ಟು ನಡೆದವರು ಏನಾಗುತ್ತಾರೆಂದು ಅವನಿಗೆ ಗೊತ್ತಿತ್ತು. ಕಾರಿನ ಬಾಗಿಲನ್ನೇ ಹಿಡಿದು ನಿಂತ. ಹಾಗೆ ನಿಂತಾಗಲೇ ಹೊಲದಾಚೆ ಒಂದು ಚಿಮಣಿ ಹೊಗೆ ಕಾಣಿಸಿತು. ನೆಸ್ಟರ್ ಎಂಬ ಒಂಟಿ ಮುದುಕನ ಮನೆ.

ಊರ ಗ್ರೇಡರನ್ನು ಖಾಸಗಿ ದಾರಿಗೆ ಇಳಿಸಬಾರದೆಂಬುದು ನಿಯಮ. ವಾಸಿಲ್ ಎಂದೂ ಮುರಿದವನಲ್ಲ. ಅಂದು ಅದು ನೆನಪಿಗೂ ಬರಲಿಲ್ಲ. ನೆಸ್ಟರನ ಅಂಗಳದವರೆಗೂ ನುಗ್ಗಿಸಿದ.

ಬಾಗಿಲು ತೆರೆದ ಮುದುಕ, "ಬಂದ್ಯಾ? ಬೇಗ ಕರ್ಕೊಂಡ್ ಹೋಗು ಮಾರಾಯ," ಅಂದ. "ಇಸ್ಪೀಟಲ್ಲಿ ನನ್ನ ಮಾನಾನೇ ಕಳೀತಿದಾಳೆ ನಿನ್ನ ಮಗಳು!"

ಲೆಸ್ಯಾ ಮುದುಕನ ಉಣ್ಣೆಯ ಕಾಲುಚೀಲ ತೊಟ್ಟು ಒಲೆ ಪಕ್ಕ ಕೂತಿದ್ದಳು. ಕೈಯಲ್ಲಿ ಎಲೆಗಳು. ಮುಂದೆ ಬೀಟ್‌ರೂಟ್ ಸಾರಿನ ಖಾಲಿ ಬಟ್ಟಲು.

"ಕಾರು ಬಿಟ್ಟು ಇಳೀಬೇಡ ಅಂತ ಹೇಳಿದ್ನೋ ಇಲ್ವೋ?" ವಾಸಿಲ್ ಹೊಸ್ತಿಲಿಂದಲೇ ಕೂಗಿದ.

"ಇಳೀಲಿಲ್ಲಪ್ಪ! ಗಾಳಿ ಒಂದ್ ಗಳಿಗೆ ತಗ್ಗಿದಾಗ ನಮ್ಮ ಕಾರಿನ ದೀಪ ನೋಡಿ ಇವರೇ ಟ್ರ್ಯಾಕ್ಟರ್ ತಂದು ಕರ್ಕೊಂಡ್ ಬಂದ್ರು."

"ಮನೆಗೆ ಹೇಳಿ ಕಳ್ಸೋಣ ಅಂದ್ರೆ ಫೋನೂ ಇಲ್ಲ," ಅಂದ ನೆಸ್ಟರ್.

ವಾಸಿಲ್ ಸಿಕ್ಕ ಕುರ್ಚಿಯಲ್ಲಿ ಕುಸಿದು ಕೂತ. ಕೋಟಿನ ಗುಂಡಿ ಬಿಚ್ಚಲು ಹೋದ, ಬೆರಳು ಮಾತು ಕೇಳಲಿಲ್ಲ. ಲೆಸ್ಯಾ ಎಲೆಗಳನ್ನು ಕೆಳಗಿಟ್ಟು ಬಂದು, ಅವನ ಮುಂದೆ ಮಂಡಿಯೂರಿ ಒಂದೊಂದೇ ಗುಂಡಿ ಬಿಚ್ಚಿದಳು. ಅವನ ಕೈಗವಸು ಎಳೆದು, ಕೆಂಪಾದ ಬೆರಳುಗಳನ್ನು ತನ್ನ ಅಂಗೈಯೊಳಗೆ ಇಟ್ಟುಕೊಂಡಳು.

"ಚಾಕೊಲೇಟು ತಿಂದ್ಯಾ?" ಅಂತ ಕೇಳಿದ ಅವನು.

"ಕಾರು ತಗ್ಗಿಗೆ ಇಳಿದ ತಕ್ಷಣ. ಆಮೇಲೆ ಬತ್ತಿ ಹಚ್ಚಿದೆ."

ನೆಸ್ಟರ್ ಹೊಟ್ಟೆ ಹಿಡಿದು ನಕ್ಕ. ವಾಸಿಲ್ ಕೂಡ ನಕ್ಕ, ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ.

ವಾಪಸು ಬರುವಾಗ ಲೆಸ್ಯಾ ಗ್ರೇಡರಿನ ಸೀಟಿನ ಹಿಂದೆ ಇಕ್ಕಟ್ಟಿನಲ್ಲಿ ನಿಂತಿದ್ದಳು. ಬಂದ ದಾರಿಯ ಇನ್ನೊಂದು ಮಗ್ಗುಲಿನ ಹಿಮವನ್ನೂ ಅವನು ತಳ್ಳುತ್ತ ಬಂದ.

"ಅಪ್ಪ, ಹೆದರಿದ್ಯಾ?"

ವಾಸಿಲ್ ಮುಂದಿನ ದಿಬ್ಬವನ್ನು ಪಕ್ಕಕ್ಕೆ ತಳ್ಳಿದ. "ಹೂಂ. ತುಂಬಾ ಹೆದರಿದ್ದೆ ಮಗಳೇ," ಅಂದ.

ಲೆಸ್ಯಾ ಅವನ ಹೆಗಲ ಮೇಲೆ ಗದ್ದ ಊರಿದಳು. ಊರು ಬರುವ ತನಕ ತೆಗೆಯಲಿಲ್ಲ.

ಪರಾಸ್ಕ ಕೋಟೂ ಇಲ್ಲದೆ ಮೆಟ್ಟಿಲ ಮೇಲೆ ನಿಂತಿದ್ದಳು. ಮಗಳು ಇಳಿಯುವುದನ್ನು ಕಂಡು ಓಡಿ ಬಂದು ಅಪ್ಪಿಕೊಂಡಳು, ಬೆನ್ನಿಗೊಂದು ಗುದ್ದಿದಳು, ಮತ್ತೆ ಅಪ್ಪಿಕೊಂಡಳು. "ಒಳಗೆ ನಡೀರಿ, ಮನೆ ಎಲ್ಲಾ ತಣ್ಣಗಾಗ್ತಿದೆ," ಅಂತ ಗದರಿದಳು, ಇಷ್ಟು ಹೊತ್ತೂ ಬಾಗಿಲು ತೆರೆದಿಟ್ಟಿದ್ದು ತಾನೇ ಅನ್ನುವುದನ್ನು ಮರೆತು.

ಬೂಟು ಬಿಚ್ಚಲೆಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ ವಾಸಿಲ್, ಒಂದು ಬೂಟು ಬಿಚ್ಚಿ, ಗೋಡೆಗೆ ಒರಗಿದವನು ಹಾಗೇ ನಿದ್ದೆಹೋದ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬಳು ಕಾಲು ಹಿಡಿದಳು, ಇನ್ನೊಬ್ಬಳು ಸದ್ದಾಗದಂತೆ ಮತ್ತೊಂದು ಬೂಟು ಎಳೆದಳು.